ಪೈನ್ ಕಾಡು ಘಮ್ಮನ್ನೋದು ಜುಲೈಲಿ, ಕಣ ಹುಟ್ಟೋದು ಏಪ್ರಿಲ್‌ನಲ್ಲಿ: ಹ್ಯೂತಿಯಾಲಾ ಪ್ರಕರಣ

ಗಿಡಮರ ಬಿಡೋ ಆವಿಯಿಂದ ಗಾಳಿಲಿ ಸೂಕ್ಷ್ಮ ಕಣಗಳು ಆಗ್ತವೆ ಅನ್ನೋದು ಈಗ ಎಲ್ಲಾ ಕಡೆ ಓದೋಕೆ ಸಿಗತ್ತೆ. ಹಂಗಿದ್ರೆ ಲೆಕ್ಕ ಸಲೀಸಾಗಿರ್ಬೇಕಿತ್ತಲ್ವಾ, ಆವಿ ಜಾಸ್ತಿ ಬಂದ ದಿನ ಕಣ ಜಾಸ್ತಿ, ಆವಿ ಕಮ್ಮಿ ಇದ್ದ ದಿನ ಕಣ ಕಮ್ಮಿ. ಫಿನ್ಲೆಂಡಿನ ಹ್ಯೂತಿಯಾಲಾ ಅನ್ನೋ ಜಾಗದ ಪೈನ್ ಕಾಡಲ್ಲಿ 1996ರಿಂದ ಇದನ್ನ ಬಿಡದೆ ಅಳೀತಾ ಬಂದಿದಾರೆ, ಅಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ ಹೊಡೆಯತ್ತೆ. ಮರಗಳು ಅತಿ ಹೆಚ್ಚು ಆವಿ ಬಿಡೋದು ಜುಲೈ ಬಿಸಿಲಲ್ಲಿ. ಹೊಸ ಕಣಗಳು ಗುಂಪುಗುಂಪಾಗಿ ಹುಟ್ಟೋದು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ, ನೆಲದ ಮೇಲೆ ಇನ್ನೂ ಹಿಮ ಇರೋವಾಗ ಕೂಡ. ಸೆಪ್ಟೆಂಬರ್ ಹೊತ್ತಿಗೆ ಇನ್ನೊಂದು ಸಣ್ಣ ಏರಿಕೆ ಬರತ್ತೆ, ನಡುವೆ ಅಲ್ಲಿನ ಬೇಸಿಗೆ, ಅಂದ್ರೆ ಜೂನ್, ಜುಲೈ, ಆಗಸ್ಟ್, ಮಂಕು. ಯಾಕೆ ಹೀಗೆ ಅಂತ ಬಿಡಿಸ್ತಾ ಹೋದ್ರೆ ಕಾಡು ಈ ಕೆಲಸದಲ್ಲಿ ಏನು ಮಾಡತ್ತೆ, ಏನು ಮಾಡಲ್ಲ ಅನ್ನೋದು ಗೊತ್ತಾಗತ್ತೆ, ಅದ್ಕೆ ಈ ಒಂದು ಕೇಸನ್ನೇ ಹಿಡ್ಕೊಂಡು ಬರೀತಿದೀನಿ.

ಜಾಗದ ಬಗ್ಗೆ ಸ್ವಲ್ಪ. ಹೆಲ್ಸಿಂಕಿಯಿಂದ ವಾಯುವ್ಯಕ್ಕೆ ಸುಮಾರು 220 ಕಿಲೋಮೀಟರ್ ದೂರ, ಹೆಲ್ಸಿಂಕಿ ಯೂನಿವರ್ಸಿಟಿಯ ಸ್ಮಿಯರ್ 2 ಅನ್ನೋ ಸ್ಟೇಷನ್ ಇರೋದು ಅಲ್ಲೇ. ಸುತ್ತ ಇರೋದು ಸ್ಕಾಟ್ಸ್ ಪೈನ್, ಅದೂ ತಾನಾಗೇ ಬೆಳೆದ ಹಳೇ ಕಾಡಲ್ಲ, 1962ರಲ್ಲಿ ಬೀಜ ಬಿತ್ತಿ ಬೆಳೆಸಿದ್ದು. ಹತ್ತಿರದಲ್ಲಿ ದೊಡ್ಡ ಊರಿಲ್ಲ, ಗಾಳಿ ಶುದ್ಧ. ಅಲ್ಲಿ ಕಣ ಎಣಿಸೋ ವಿಧಾನ ನೋಡಿದ್ರೆ ಖುಷಿಯಾಗತ್ತೆ. 3 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಕಣ ಯಾವ ಬೆಳಕಿಗೂ ಕಾಣಲ್ಲ, ಅದ್ಕೆ ಮೊದ್ಲು ಕಣಕ್ಕೆ ಚಾರ್ಜ್ ಕೊಟ್ಟು ಎಲೆಕ್ಟ್ರಿಕ್ ಫೀಲ್ಡ್ ಒಳಗೆ ಓಡಿಸ್ತಾರೆ, ಚಿಕ್ಕದು ಬೇಗ ಪಕ್ಕಕ್ಕೆ ಸರಿಯತ್ತೆ, ದೊಡ್ಡದು ನಿಧಾನ, ಹಿಂಗೆ ಸೈಜ್ ಪ್ರಕಾರ ಬೇರೆ ಆಗತ್ತೆ. ಆಮೇಲೆ ಬ್ಯೂಟನಾಲ್ ಅನ್ನೋ ಒಂದು ಥರದ ಆಲ್ಕೋಹಾಲ್ ಆವಿ ತುಂಬಿರೋ ಕೊಳವೆಗೆ ಬಿಟ್ಟು ತಣ್ಣಗೆ ಮಾಡಿದ್ರೆ ಒಂದೊಂದು ಕಣದ ಮೇಲೂ ಬ್ಯೂಟನಾಲ್ ಕೂತು ಅದು ಕಾಣೋ ಸೈಜಿನ ಹನಿ ಆಗತ್ತೆ, ಆ ಹನಿ ಲೇಸರ್ ಮುಂದೆ ಹಾದು ಹೋದಾಗ ಒಂದು ಮಿಣುಕು, ಒಂದು ಎಣಿಕೆ. ಇದನ್ನ ಎಲ್ಲಾ ಸೈಜಿಗೂ ಮಾಡ್ತಾ, ದಿನವಿಡೀ ಮತ್ತೆ ಮತ್ತೆ ಮಾಡ್ತಾನೇ ಇರ್ತಾರೆ.

ಹಂಗೆ ಬಂದ ಡೇಟಾನ ಗ್ರಾಫ್ ಮಾಡಿದ್ರೆ, ಅಡ್ಡಕ್ಕೆ ಟೈಮು, ಉದ್ದಕ್ಕೆ ಕಣದ ಸೈಜು, ಕಣದ ಸಂಖ್ಯೆ ಬಣ್ಣದಲ್ಲಿ, ಕೆಲವು ದಿನ ಬೆಳಿಗ್ಗೆ ತನಕ ಕೆಳಗಡೆ ಖಾಲಿ ಇರತ್ತೆ. ಬಿಸಿಲು ಏರಿದ ಮೇಲೆ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, 3 ನ್ಯಾನೋಮೀಟರ್ ಹತ್ರ ಒಮ್ಮೆಗೇ ಕಣಗಳ ರಾಶಿ, ಆಮೇಲೆ ಆ ರಾಶಿ ನಿಧಾನಕ್ಕೆ ಮೇಲೆ ಬಾಗ್ತಾ ಬಾಗ್ತಾ ಸಂಜೆ ರಾತ್ರಿ ತನಕ ಹೋಗತ್ತೆ. ಆ ಆಕಾರ ನೋಡಿ ಈ ಫೀಲ್ಡಿನವರು ಅದನ್ನ ಬನಾನಾ ಪ್ಲಾಟ್ ಅಂತಾನೇ ಕರೀತಾರೆ, ಪೇಪರ್ರಲ್ಲೂ ಹಂಗೇ ಬರೀತಾರೆ. 1996ರಿಂದ 2003ರ ತನಕದ ಎಂಟು ವರ್ಷದ ಡೇಟಾ ಕೂತು ನೋಡಿದಾಗ ಕಮ್ಮಿ ಅಂದ್ರೂ 24 ಪರ್ಸೆಂಟ್ ದಿನ ಇದು ಕಂಡಿತ್ತು. ಸರಾಸರಿ ಬೆಳವಣಿಗೆ ಘಂಟೆಗೆ 3 ನ್ಯಾನೋಮೀಟರ್. ಬೆಳಿಗ್ಗೆ ಹತ್ತಕ್ಕೆ 3 ನ್ಯಾನೋಮೀಟರ್ ಇದ್ದಿದ್ದು ರಾತ್ರಿ ಎಂಟಕ್ಕೆ ಸುಮಾರು 33.

ಇಲ್ಲಿ ಒಂದು ವಿಷಯ ಗಮನಿಸ್ಬೇಕು, ತುಂಬಾ ಜನ ಇದನ್ನ ಬಿಟ್ಟು ಮುಂದೆ ಹೋಗ್ತಾರೆ. ಸ್ಟೇಷನ್ ನಿಂತ ಜಾಗದಲ್ಲೇ ಇದೆ, ಗಾಳಿ ನಿಂತಿಲ್ಲ. ಸೆಕೆಂಡಿಗೆ 5 ಮೀಟರ್ ಗಾಳಿ ಅಂದ್ಕೊಂಡ್ರೂ ಘಂಟೆಗೆ 18 ಕಿಲೋಮೀಟರ್, ಹತ್ತು ಘಂಟೇಲಿ 180. ಅಂದ್ರೆ ಬೆಳಿಗ್ಗೆ ಎಣಿಸಿದ ಕಣ ಬೇರೆ, ಸಂಜೆ ಎಣಿಸಿದ ಕಣ ಬೇರೆ, ಸಂಜೇದು ಬೆಳಿಗ್ಗೆ ನೂರಾ ಎಂಬತ್ತು ಕಿಲೋಮೀಟರ್ ದೂರದಲ್ಲೆಲ್ಲೋ ಹುಟ್ಟಿರೋದು. ಆದ್ರೂ ಗ್ರಾಫಲ್ಲಿ ಗೆರೆ ಎಲ್ಲೂ ಕಡಿಯದೆ ಸಾಗತ್ತೆ ಅಂದ್ರೆ ನೂರಾರು ಕಿಲೋಮೀಟರ್ ಉದ್ದದ ಕಾಡಿನ ಮೇಲೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಅದೇ ಕೆಲಸ ನಡೀತಿದೆ ಅಂತ ಅರ್ಥ. ಇದು ಒಂದು ಮರದ ಕಥೆ ಅಲ್ಲವೇ ಅಲ್ಲ.

ಈಗ ಎಲ್ಲೆಲ್ಲಿ ಲೆಕ್ಕ ಕೂರಲ್ಲ ಅಂತ ನೋಡೋಣ. ಪೈನ್ ಎಲೆಯಿಂದ ಬರೋ ಮೊನೊಟರ್ಪೀನ್ ಆವಿ, ಅಂದ್ರೆ ಪೈನ್ ಕಾಡಿನ ಆ ವಾಸನೆ, ಮುಖ್ಯವಾಗಿ ಬಿಸಿಗೆ ತಕ್ಕ ಹಾಗೆ ಬರತ್ತೆ, ಟೆಂಪರೇಚರ್ 10 ಡಿಗ್ರಿ ಏರಿದ್ರೆ ಆವಿ ಸುಮಾರು ಎರಡೂವರೆ ಪಟ್ಟು ಆಗತ್ತೆ ಅನ್ನೋದು ಮಾಡೆಲ್‌ಗಳಲ್ಲಿ ಬಳಸೋ ಸಾಮಾನ್ಯ ಲೆಕ್ಕ. ಹಂಗಾಗಿ ಬೇಸಿಗೆಲಿ ಹೆಚ್ಚು ಕಣ ಹುಟ್ಬೇಕಿತ್ತು, ಹುಟ್ಟಲ್ಲ. ಎರಡನೇದು ಇನ್ನೂ ವಿಚಿತ್ರ: ಮರ ಹೆಚ್ಚು ಆವಿ ಬಿಡೋದು ಮಧ್ಯಾಹ್ನವಾದ್ರೂ ಕಾಡಿನ ಗಾಳಿಲಿ ಆ ಆವಿ ದಟ್ಟವಾಗಿ ಇರೋದು ರಾತ್ರಿ, ಯಾಕಂದ್ರೆ ರಾತ್ರಿ ಗಾಳಿ ಮೇಲಕ್ಕೆ ಕಲೆಯಲ್ಲ, ಬಿಟ್ಟಿದ್ದೆಲ್ಲಾ ನೆಲದ ಹತ್ರಾನೇ ತುಂಬ್ಕೊಳತ್ತೆ. ಆದ್ರೆ ಬನಾನಾ ಶುರುವಾಗೋದು ಹಗಲಲ್ಲಿ. ಮೂರನೇದು ಗಾಳಿ ಬರೋ ದಿಕ್ಕು. ಉತ್ತರ ಅಟ್ಲಾಂಟಿಕ್, ಆರ್ಕ್ಟಿಕ್ ಕಡೆಯಿಂದ ಚೊಕ್ಕಟವಾದ ತಣ್ಣನೆ ಗಾಳಿ ಬಂದ ದಿನ ಕಣ ಹುಟ್ಟತ್ತೆ, ದಕ್ಷಿಣದಿಂದ ಹೊಗೆ ಧೂಳು ಹೊತ್ಕೊಂಡು ಬಂದ ದಿನ ಹುಟ್ಟೋದು ಅಪರೂಪ. ಮರ ಅವೇ, ಕಾಡು ಅದೇ, ಫಲಿತಾಂಶ ಬೇರೆ.

ಮೊದ್ಲು ಎಲ್ರ ಕಣ್ಣು ಬಿದ್ದಿದ್ದು ಸಲ್ಫ್ಯೂರಿಕ್ ಆಸಿಡ್ ಮೇಲೆ. ಸಲ್ಫರ್ ಡೈಆಕ್ಸೈಡ್ ಬಿಸಿಲಲ್ಲಿ ಆಕ್ಸಿಡೈಜ್ ಆಗಿ ಸಲ್ಫ್ಯೂರಿಕ್ ಆಸಿಡ್ ಆವಿ ಆಗತ್ತೆ, ಅದು ಹಗಲಲ್ಲೇ ಆಗೋದು, ಟೈಮಿಂಗ್ ಸರಿಯಾಗಿ ಕೂರತ್ತೆ. ಆದ್ರೆ ಪ್ರಮಾಣ ನೋಡಿ. ಒಂದು ಘನ ಸೆಂಟಿಮೀಟರ್ ಗಾಳಿಲಿ ಸುಮಾರು 25ರ ಮುಂದೆ 18 ಸೊನ್ನೆ ಇಡೋವಷ್ಟು ಅಣುಗಳಿರತ್ವೆ, ಅದರಲ್ಲಿ ಸಲ್ಫ್ಯೂರಿಕ್ ಆಸಿಡ್ ಒಳ್ಳೆ ಬಿಸಿಲಿನ ಮಧ್ಯಾಹ್ನವೂ ಕೆಲವು ಹತ್ತು ಲಕ್ಷ, ತುಂಬಾ ಆದ್ರೆ ಒಂದು ಕೋಟಿ. ಘಂಟೆಗೆ 1 ನ್ಯಾನೋಮೀಟರ್ ಬೆಳಸೋಕೇ ಒಂದು ಘನ ಸೆಂಟಿಮೀಟರ್ ಗಾಳಿಲಿ ಹತ್ತತ್ರ ಒಂದು ಕೋಟಿ ಅಣು ಇರಬೇಕಾಗತ್ತೆ. ಹಂಗಾದ್ರೆ 3 ನ್ಯಾನೋಮೀಟರ್ ಬೆಳವಣಿಗೆ ಎಲ್ಲಿಂದ ಬಂತು? ಆಸಿಡ್ ಕೊಡ್ತಿರೋದು ಸಣ್ಣ ಪಾಲು, ಉಳಿದಿದ್ದು ಬೇರೆ ಯಾವುದೋ ಆವಿ. ಹುಟ್ಟಿನ ಮಟ್ಟಿಗೂ ಇದೇ ಗೋಳು. ಸರ್ನ್ ಅನ್ನೋ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕ್ಲೌಡ್ ಅನ್ನೋ ಪ್ರಯೋಗ ಇದೆ, 26 ಘನ ಮೀಟರ್ ಸ್ಟೀಲ್ ಟ್ಯಾಂಕು, ಅದರೊಳಗೆ ಅತಿ ಶುದ್ಧ ಗಾಳಿ ತುಂಬಿ ಬೇಕಾದ ಆವಿ ಮಾತ್ರ ಬಿಟ್ಟು ನೋಡ್ತಾರೆ, ಗಾಳಿಲಿ ಅಯಾನು, ಅಂದ್ರೆ ಚಾರ್ಜ್ ಇರೋ ಅಣು, ಮಾಡೋ ಕಾಸ್ಮಿಕ್ ಕಿರಣದ ಬದಲಿಗೆ ಪ್ರೋಟಾನ್ ಸಿಂಕ್ರೊಟ್ರಾನ್ ಅನ್ನೋ ಕಣ ಓಡಿಸೋ ಯಂತ್ರದಿಂದ ಬೀಮ್ ಹಾಯಿಸ್ತಾರೆ. 2011ರಲ್ಲಿ ಅಲ್ಲಿ ಸಲ್ಫ್ಯೂರಿಕ್ ಆಸಿಡ್, ನೀರು, ಅಮೋನಿಯಾ ಮೂರನ್ನೂ ಸೇರಿಸಿ ನೋಡಿದಾಗ, ನೆಲದ ಹತ್ರದ ಗಾಳಿಲಿ ಕಾಣೋ ವೇಗದಲ್ಲಿ ಕಣ ಹುಟ್ಟಲೇ ಇಲ್ಲ, ತುಂಬಾ ಹಿಂದೆ ಬಿತ್ತು. ಅಂದ್ರೆ ಇನ್ನೊಬ್ಬರು ಯಾರೋ ಇರಲೇಬೇಕು.

ಮರದ ಮೇಲೆ ಅನುಮಾನ ಹಳೇದೇ. 1960ರಲ್ಲೇ ಫ್ರಿಟ್ಸ್ ವೆಂಟ್ ಅನ್ನೋ ಸಸ್ಯವಿಜ್ಞಾನಿ, ಬೆಟ್ಟ ಕಾಡುಗಳ ಮೇಲೆ ಕಾಣೋ ನೀಲಿ ಮಬ್ಬು ಗಿಡಗಳು ಬಿಡೋ ಟರ್ಪೀನ್‌ನಿಂದಲೇ ಆಗೋದು ಅಂತ ಬರೆದಿದ್ರು. ಆದ್ರೆ ರಸಾಯನಶಾಸ್ತ್ರದವರಿಗೆ ಒಂದು ತೊಡಕಿತ್ತು. ಪೈನ್ ವಾಸನೆಯ ಮುಖ್ಯ ಅಣು ಆಲ್ಫಾ ಪೈನೀನ್, ಹತ್ತು ಕಾರ್ಬನ್, ಹದಿನಾರು ಹೈಡ್ರೋಜನ್, ಆಕ್ಸಿಜನ್ ಒಂದೂ ಇಲ್ಲ. ಇಂಥದ್ದು ಗಾಳಿಲಿ ಆರಾಮಾಗಿ ಆವಿಯಾಗೇ ಇರತ್ತೆ, ಯಾವುದರ ಮೇಲೂ ಅಂಟ್ಕೊಂಡು ಕೂರಲ್ಲ. ಆಕ್ಸಿಡೈಜ್ ಆದ್ಮೇಲೆ ಅಂಟತ್ತೆ ಸರಿ, ಆದ್ರೆ ಹಳೇ ಲೆಕ್ಕದಲ್ಲಿ ಒಂದು ರಿಯಾಕ್ಷನ್ನಿಗೆ ಒಂದೋ ಎರಡೋ ಆಕ್ಸಿಜನ್ ಸೇರತ್ತೆ, ಇನ್ನಷ್ಟು ಸೇರಬೇಕಾದ್ರೆ ಮತ್ತೆ ಮತ್ತೆ ಓಝೋನೋ ಹೈಡ್ರಾಕ್ಸಿಲ್ ರಾಡಿಕಲ್ಲೋ (ರಾಡಿಕಲ್ ಅಂದ್ರೆ ಜೋಡಿ ಇಲ್ಲದ ಎಲೆಕ್ಟ್ರಾನ್ ಇರೋ, ಸಿಕ್ಕಿದ್ದರ ಜೊತೆ ಬೇಗ ರಿಯಾಕ್ಟ್ ಆಗೋ ಅಣು) ಬಂದು ಡಿಕ್ಕಿ ಹೊಡೀಬೇಕು, ಅದಕ್ಕೆ ಘಂಟೆಗಟ್ಟಲೆ ಟೈಮ್ ಬೇಕು. ಕಾಡಿನ ಮೇಲೆ ಅಷ್ಟು ಟೈಮ್ ಇರಲ್ಲ, ಕಣ ಬೆಳಗ್ಗೆಯೇ ಬೆಳೀತಿರತ್ತೆ.

ಗಂಟು ಬಿಚ್ಚಿದ್ದು ಇಲ್ಲಿ, ನನಗೆ ಇಡೀ ಕಥೇಲಿ ಇಷ್ಟವಾದ ಭಾಗವೂ ಇದೇ. ಓಝೋನ್ ಬಂದು ಪೈನೀನ್‌ನ ಡಬಲ್ ಬಾಂಡ್ ಮುರಿಯತ್ತೆ, ಉಂಗುರ ಬಿಚ್ಕೊಳತ್ತೆ, ಒಂದು ತುದಿಗೆ ಗಾಳಿಯ ಸಾಮಾನ್ಯ ಆಕ್ಸಿಜನ್ ಅಂಟಿ ಪೆರಾಕ್ಸಿ ರಾಡಿಕಲ್ ಆಗತ್ತೆ. ಆ ತುದಿ ಸುಮ್ನಿರಲ್ಲ, ಅದೇ ಅಣುವಿನ ಇನ್ನೊಂದು ಕಾರ್ಬನ್‌ನಿಂದ ಒಂದು ಹೈಡ್ರೋಜನ್ ಕಿತ್ಕೊಳತ್ತೆ. ಹೈಡ್ರೋಜನ್ ಕಳ್ಕೊಂಡ ಜಾಗಕ್ಕೆ ತಕ್ಷಣ ಇನ್ನೊಂದು ಆಕ್ಸಿಜನ್ ಜೋಡಿ ಬಂದು ಕೂರತ್ತೆ. ಅದು ಮತ್ತೊಂದು ಹೈಡ್ರೋಜನ್ ಕಿತ್ಕೊಳತ್ತೆ, ಮತ್ತೆ ಆಕ್ಸಿಜನ್. ಹೊರಗಿನ ಡಿಕ್ಕಿ ಒಂದೇ ಒಂದು, ಉಳಿದಿದ್ದೆಲ್ಲಾ ಅಣು ತನ್ನೊಳಗೇ ಮಾಡ್ಕೊಳ್ಳೋದು, ಅದೂ ಸೆಕೆಂಡುಗಳ ಲೆಕ್ಕದಲ್ಲಿ. ಇದಕ್ಕೆ ಆಟೋಆಕ್ಸಿಡೇಷನ್ ಅಂತಾರೆ. ಎಣ್ಣೆ ಕಮಟಾಗೋದೂ ಇದೇ ಜಾತಿಯ ರಿಯಾಕ್ಷನ್ನಿಂದ, ಆದ್ರೆ ಕಾಡಿನ ತಣ್ಣನೆ ಗಾಳಿಲಿ ಇಷ್ಟು ಬೇಗ ನಡೆಯತ್ತೆ ಅಂತ ಯಾರೂ ಲೆಕ್ಕಕ್ಕೇ ಇಟ್ಕೊಂಡಿರಲಿಲ್ಲ. ಕೊನೆಗೆ ಉಳಿಯೋದು ಹತ್ತು ಕಾರ್ಬನ್‌ಗೆ ಏಳೋ ಒಂಬತ್ತೋ ಆಕ್ಸಿಜನ್ ಇರೋ ಅಣು. ಇಂಥ ಎರಡು ರಾಡಿಕಲ್ ಎದುರಾದ್ರೆ ಸೇರಿ ಇಪ್ಪತ್ತು ಕಾರ್ಬನ್ ಹತ್ರದ ಜೋಡಿ ಅಣು. ಇವು ಎಷ್ಟು ಅಂಟು ಅಂದ್ರೆ ಏನಕ್ಕೆ ತಗುಲಿದ್ರೂ ಅಲ್ಲೇ ಕೂತ್ಕೊಳತ್ವೆ, ಮತ್ತೆ ಆವಿಯಾಗಿ ಏಳಲ್ಲ. ಹಿಂದೆ ಇವು ಯಾರಿಗೂ ಸಿಗದೆ ಇದ್ದಿದ್ದಕ್ಕೂ ಅದೇ ಕಾರಣ, ಉಪಕರಣದ ಪೈಪಿನ ಗೋಡೆಗೇ ಅಂಟಿ ಕಳೆದುಹೋಗ್ತಿದ್ವು. ನೈಟ್ರೇಟ್ ಅಯಾನು ಬಳಸಿ ಗಾಳಿಯಿಂದ ನೇರವಾಗಿ ಹಿಡಿಯೋ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನ ತೂಕದ ಮೇಲೆ ಗುರುತಿಸೋ ಯಂತ್ರ) ಬಂದ ಮೇಲೆ ಹ್ಯೂತಿಯಾಲಾ ಕಾಡಲ್ಲೂ, ಜರ್ಮನಿಯ ಯೂಲಿಖ್‌ನ ಚೇಂಬರಲ್ಲೂ ಇವು ಕಂಡ್ವು, 2014ರಲ್ಲಿ ಮೀಕಾಯೆಲ್ ಎಹ್ನ್ ಮತ್ತು ತಂಡ ನೇಚರ್ ಪತ್ರಿಕೇಲಿ ಇದನ್ನ ಹಾಕಿದ್ರು. ಪೈನೀನ್ ಪೂರ್ತಿ ಹಿಂಗಾಗಲ್ಲ, ಕೆಲವೇ ಪರ್ಸೆಂಟ್ ಮಾತ್ರ. ಆದ್ರೆ ಕಣಕ್ಕೆ ಬೇಕಿರೋದೂ ಅಷ್ಟೇ.

ಅಂಟಬೇಕು ಅಂತ ಇಷ್ಟು ಒತ್ತಿ ಹೇಳೋಕೆ ಕಾರಣ ಸೈಜು. ಇಂಥ ಒಂದು ಅಣು ಸುಮಾರು 0.35 ಘನ ನ್ಯಾನೋಮೀಟರ್ ಜಾಗ ಹಿಡಿಯತ್ತೆ ಅಂತಿಟ್ಕೊಳಿ, 3 ನ್ಯಾನೋಮೀಟರ್ ಕಣದಲ್ಲಿ ಇರೋದು ಬರೀ 40 ಅಣು. 50 ನ್ಯಾನೋಮೀಟರಿಗೆ ಹೋಗೋ ಹೊತ್ತಿಗೆ ಸುಮಾರು 1.9 ಲಕ್ಷ. ಅಷ್ಟು ಚಿಕ್ಕ ಕಣದ ಮೇಲ್ಮೈ ತುಂಬಾ ಬಾಗಿರತ್ತೆ, ಹೊರಗಿನ ಅಣುವನ್ನ ಹಿಡ್ಕೊಳ್ಳೋಕೆ ಪಕ್ಕದಲ್ಲಿ ಜೊತೆಗಾರರು ಕಮ್ಮಿ, ಹಂಗಾಗಿ ಸ್ವಲ್ಪ ಹಾರೋ ಸ್ವಭಾವ ಇದ್ರೂ ಅಣು ಎದ್ದು ಹೋಗತ್ತೆ. ಮೊದಮೊದಲು ಅತಿ ಅಂಟಿನವು ಮಾತ್ರ ಉಳಿಯತ್ವೆ, ಕಣ ದೊಡ್ಡದಾಗ್ತಾ ಹೋದ ಹಾಗೆ ಕಮ್ಮಿ ಅಂಟಿನವಕ್ಕೂ ಜಾಗ ಸಿಗತ್ತೆ. ಅದಕ್ಕೇ ಬೆಳವಣಿಗೆ ಮುಂದೆ ಹೋದ ಹಾಗೆ ಜೋರಾಗೋದು.

ಈ ಜಾಗಕ್ಕೆ ಬಂದ ಮೇಲೆ ಬೇಸಿಗೆ ಒಗಟಿಗೆ ದಾರಿ ಸಿಗತ್ತೆ. ಹುಟ್ಟೋದು ಒಂದು ಕೆಲಸ, ಬೆಳೆಯೋದು ಇನ್ನೊಂದು, ಎರಡನ್ನೂ ಒಂದೇ ಗ್ರಾಫಲ್ಲಿ ನೋಡಿ ಒಂದೇ ಅಂದ್ಕೊಂಡಿದ್ದೇ ತಕರಾರು. ಹ್ಯೂತಿಯಾಲಾ ಡೇಟಾದಲ್ಲೇ ಇದಕ್ಕೆ ಸಾಕ್ಷಿ ಇದೆ: ಬೇಸಿಗೆಲಿ ಕಣ ಹುಟ್ಟೋ ದಿನಗಳು ಕಮ್ಮಿ, ಆದ್ರೆ ಹುಟ್ಟಿದ ದಿನ ಅವು ಬೆಳೆಯೋ ವೇಗ ವರ್ಷದಲ್ಲೇ ಹೆಚ್ಚು, ಮರದ ಆವಿ ಏರಿದ ಹಾಗೇ ಏರತ್ತೆ. ಬೆಳವಣಿಗೆ ಅನ್ನೋದು ಮರದ್ದೇ ಕೆಲಸ, ಅದರಲ್ಲಿ ಅನುಮಾನ ಬೇಡ. ಹುಟ್ಟಿಗೆ ಮಾತ್ರ ಹಲವು ಜನ ಒಟ್ಟಿಗೆ ಸೇರಬೇಕು. ವಸಂತದಲ್ಲಿ ಬಿಸಿಲು ಚುರುಕಾಗಿರತ್ತೆ, ಸಲ್ಫ್ಯೂರಿಕ್ ಆಸಿಡ್ ತಯಾರಾಗತ್ತೆ, ಉತ್ತರದ ಗಾಳಿ ಚೊಕ್ಕ ಇರೋದ್ರಿಂದ ಹೊಸ ಕ್ಲಸ್ಟರ್‌ಗಳನ್ನ (ಆಗ ತಾನೇ ಸೇರಿದ ಕೆಲವೇ ಅಣುಗಳ ಗುಂಪುಗಳನ್ನ) ನುಂಗಿಹಾಕೋ ಹಳೇ ದೊಡ್ಡ ಕಣಗಳು ಕಮ್ಮಿ, ಮತ್ತೆ ಚಳಿಗೆ ಅಣುಗಳು ಇನ್ನೂ ಗಟ್ಟಿಯಾಗಿ ಅಂಟತ್ವೆ. ಚಳೀಲಿ ಆಟೋಆಕ್ಸಿಡೇಷನ್ ನಿಧಾನ ಆಗತ್ತೆ ನಿಜ, ಆದ್ರೆ ಒಂದೊಂದು ಅಣುವೂ ಅಂಟೋದು ಜಾಸ್ತಿ ಆಗಿ ಆ ನಷ್ಟ ತುಂಬ್ಕೊಳತ್ತೆ. ಬೇಸಿಗೆಲಿ ಇದರ ಉಲ್ಟಾ: ಕಾಡು ತಾನೇ ಹಿಂದಿನ ದಿನಗಳಲ್ಲಿ ಬೆಳೆಸಿಟ್ಟ ದೊಡ್ಡ ಕಣಗಳು ಗಾಳಿ ತುಂಬಾ ಇರತ್ವೆ, ಆವಿ ಹೋಗಿ ಅವುಗಳ ಮೇಲೆ ಕೂರತ್ತೆ, 1 ನ್ಯಾನೋಮೀಟರ್ ಕ್ಲಸ್ಟರ್ ಅವಕ್ಕೆ ಡಿಕ್ಕಿ ಹೊಡೆದು ಕಾಣೆಯಾಗತ್ತೆ. ದಕ್ಷಿಣದ ಕೊಳಕು ಗಾಳಿ ಬಂದ ದಿನ ಹುಟ್ಟದೇ ಇರೋದಕ್ಕೂ ಇದೇ ಉತ್ತರ.

ರಾತ್ರಿ ಕಥೆ ಇನ್ನೂ ಚೆನ್ನಾಗಿದೆ. ಸಂಜೆ ಹೊತ್ತು ಸಲ್ಫ್ಯೂರಿಕ್ ಆಸಿಡ್ ಇಳಿದು ಮರದ ಆವಿ ದಟ್ಟವಾದಾಗ, ಬರೀ ಈ ಜೋಡಿ ಅಣುಗಳೇ ಒಂದು ಅಯಾನಿನ ಸುತ್ತ ಸೇರಿ ಕ್ಲಸ್ಟರ್ ಕಟ್ಟೋದು ಹ್ಯೂತಿಯಾಲಾದಲ್ಲಿ ಕಂಡಿದೆ, 2018ರಲ್ಲಿ ಪ್ರಕಟವಾಯ್ತು. ಅಂದ್ರೆ ಆಸಿಡ್ ಇಲ್ದೇನೂ ಮರ ಶುರು ಮಾಡಬಲ್ಲದು. ಆದ್ರೆ ಆ ಕ್ಲಸ್ಟರ್‌ಗಳು ಕೆಲವು ನ್ಯಾನೋಮೀಟರ್ ದಾಟಿ ಮುಂದೆ ಹೋಗಲ್ಲ, ಅಲ್ಲೇ ಸಾಯ್ತವೆ. ಆಸಿಡ್ ಇಲ್ದೆ ಕಣ ಹುಟ್ಟೋದನ್ನ ಕ್ಲೌಡ್ ಟ್ಯಾಂಕಲ್ಲಿ 2016ರಲ್ಲೇ ತೋರಿಸಿದ್ರು, ಸಲ್ಫ್ಯೂರಿಕ್ ಆಸಿಡ್ ಇಲ್ಲವೇ ಇಲ್ಲ ಅನ್ನೋ ಗಾಳಿಲಿ ಆಲ್ಫಾ ಪೈನೀನ್ ಮತ್ತೆ ಓಝೋನ್ ಮಾತ್ರ ಬಿಟ್ಟು ಕಣ ಹುಟ್ಟಿಸಿದ್ರು, ಅಯಾನುಗಳಿದ್ರೆ ಹುಟ್ಟೋ ವೇಗ ಹತ್ತರಿಂದ ನೂರು ಪಟ್ಟು ಏರಿತು. ಪತ್ರಿಕೆಗಳಲ್ಲಿ ಆಗ ಮರಗಳೇ ಮೋಡ ಮಾಡ್ತವೆ ಅಂತ ಬಂದಿದ್ದು ಇದನ್ನೇ. ನನ್ನ ಅಭಿಪ್ರಾಯ ಕೇಳಿದ್ರೆ ಆ ತಲೆಬರಹ ಹ್ಯೂತಿಯಾಲಾದ ಹಗಲಿಗೆ ಸರಿಹೊಂದಲ್ಲ. ಹಗಲಿನ ಕಥೆಗೆ ಹತ್ತಿರ ಇರೋದು ಅದೇ ಟ್ಯಾಂಕಿನ 2018ರ ಪ್ರಯೋಗ: ಸಲ್ಫರ್ ಡೈಆಕ್ಸೈಡ್, ಅಮೋನಿಯಾ, ನೈಟ್ರೋಜನ್ ಆಕ್ಸೈಡ್, ಮೊನೊಟರ್ಪೀನ್ ಎಲ್ಲಾನೂ ಕಾಡಲ್ಲಿರೋ ಪ್ರಮಾಣದಲ್ಲೇ ಒಟ್ಟಿಗೆ ಬಿಟ್ಟಾಗ, ಹುಟ್ಟೋ ವೇಗ, ಬೆಳೆಯೋ ವೇಗ ಎರಡೂ ಹ್ಯೂತಿಯಾಲಾದ ಅಳತೆಗೆ ಹತ್ತಿರ ಬಂತು. ಒಂದನ್ನ ತೆಗೆದ್ರೆ ಲೆಕ್ಕ ಕೂರಲ್ಲ. ನೈಟ್ರೋಜನ್ ಆಕ್ಸೈಡ್ ಪಾತ್ರ ಸ್ವಲ್ಪ ಕೆಟ್ಟದ್ದೇ, ಅದು ಆಟೋಆಕ್ಸಿಡೇಷನ್ ಸರಪಳಿಯನ್ನ ಮಧ್ಯದಲ್ಲೇ ಕಡಿಯತ್ತೆ, ಜೋಡಿ ಅಣು ಆಗೋಕೆ ಬಿಡಲ್ಲ.

ಇನ್ನೊಂದು ಮಾತು ಸೇರಿಸ್ತೀನಿ, ಕಾಡು ಅಂದ್ರೆ ಒಂದೇ ಥರ ಅಲ್ಲ. ಹ್ಯೂತಿಯಾಲಾದಲ್ಲೇ ಪಕ್ಕಪಕ್ಕದ ಪೈನ್ ಮರಗಳನ್ನ ಅಳೆದ್ರೆ ಒಂದು ಹೆಚ್ಚು ಪೈನೀನ್ ಬಿಡತ್ತೆ, ಇನ್ನೊಂದು ಹೆಚ್ಚು ಕರೀನ್ ಅನ್ನೋ ಬೇರೆ ಮೊನೊಟರ್ಪೀನ್ ಬಿಡತ್ತೆ, ಜಾತಿ ಒಂದೇ, ವಯಸ್ಸೂ ಒಂದೇ. ಅಮೆಜಾನ್‌ಗೆ ಹೋದ್ರೆ ಚಿತ್ರವೇ ಬೇರೆ, ಅಲ್ಲಿ ಮರಗಳು ಬಿಡೋದು ಮುಖ್ಯವಾಗಿ ಐಸೊಪ್ರೀನ್, ಐದು ಕಾರ್ಬನ್ನಿನದು. ಅದು ಪೈನೀನ್ ಕೆಲಸಕ್ಕೆ ಅಡ್ಡ ಬರತ್ತೆ: ಹತ್ತು ಕಾರ್ಬನ್ ರಾಡಿಕಲ್ ತನ್ನಂಥದೇ ಇನ್ನೊಂದನ್ನ ಹಿಡ್ದು ಇಪ್ಪತ್ತು ಆಗೋ ಬದಲು ಐಸೊಪ್ರೀನ್‌ನದ್ದನ್ನ ಹಿಡ್ಕೊಂಡು ಹದಿನೈದಕ್ಕೇ ನಿಂತ್ಬಿಡತ್ತೆ, ಅದರ ಅಂಟು ಕಮ್ಮಿ. ಅಮೆಜಾನ್ ನೆಲಮಟ್ಟದಲ್ಲಿ ಬನಾನಾ ಕಾಣೋದೇ ಅಪರೂಪ. ಆದ್ರೆ ಅದೇ ಐಸೊಪ್ರೀನ್ ಗುಡುಗು ಮೋಡಗಳ ಜೊತೆ ಹತ್ತು ಕಿಲೋಮೀಟರಿಗಿಂತ ಮೇಲೆ ಹೋಗಿ, ಅಲ್ಲಿನ ಮೈನಸ್ ಐವತ್ತರ ಆಸುಪಾಸಿನ ಚಳೀಲಿ, ಮಿಂಚಿನಿಂದ ಆದ ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿ ಬೆಳಗಿನ ಬಿಸಿಲಿಗೆ ಭರ್ಜರಿಯಾಗಿ ಕಣ ಹುಟ್ಟಿಸತ್ತೆ ಅಂತ 2024ರ ಡಿಸೆಂಬರಲ್ಲಿ ವಿಮಾನದ ಅಳತೆ, ಕ್ಲೌಡ್ ಪ್ರಯೋಗ ಎರಡೂ ಒಟ್ಟಿಗೆ ಬಂದ್ವು. ಕೆಳಗೆ ಅಡ್ಡಗಾಲು ಹಾಕೋದೇ ಮೇಲೆ ಹೋಗಿ ಮುಖ್ಯ ಕಚ್ಚಾವಸ್ತು. ಹಂಗಾಗಿ ಒಂದು ಕಾಡಿನ ಉತ್ತರವನ್ನ ಇನ್ನೊಂದಕ್ಕೆ ಎತ್ತಿ ಹಚ್ಚೋರ ಮಾತನ್ನ ನಂಬೋಕೆ ಮುಂಚೆ ಯಾವ ಆವಿ, ಎಷ್ಟು ಚಳಿ, ಗಾಳಿಲಿ ಜೊತೆಗೆ ಏನೇನಿದೆ ಅಂತ ಕೇಳೋದು ಒಳ್ಳೇದು.

ಕಣ ಹುಟ್ಟಿದ್ರೆ ಏನೀಗ ಅನ್ನೋರಿಗೆ: 3 ನ್ಯಾನೋಮೀಟರಲ್ಲಿ ಅದರಿಂದ ಏನೂ ಆಗಲ್ಲ, 50ರಿಂದ 100 ನ್ಯಾನೋಮೀಟರ್ ತಲುಪಿದ್ರೆ ಅದರ ಮೇಲೆ ಮೋಡದ ಹನಿ ಕಟ್ಟತ್ತೆ. ಘಂಟೆಗೆ 3ರಂತೆ ಆ ಸೈಜಿಗೆ ಬರೋಕೆ ಸುಮಾರು 16ರಿಂದ 32 ಘಂಟೆ ಬೇಕು, ಅಷ್ಟರಲ್ಲಿ ಎಷ್ಟೋ ಕಣ ದೊಡ್ಡವಕ್ಕೆ ಡಿಕ್ಕಿ ಹೊಡ್ಕೊಂಡು ಹೋಗಿರತ್ವೆ. ಬೆಳೆಸೋ ಆವಿ ಧಾರಾಳವಾಗಿದ್ರೆ ಉಳಿಯೋದು ಜಾಸ್ತಿ, ಮರದ ಪಾಲು ದೊಡ್ಡದು ಅನ್ನೋದು ಇಲ್ಲೇ. 2006ರಲ್ಲಿ ಇದನ್ನ ಸೊಗಸಾಗಿ ತೋರಿಸಿದ್ರು: ಸಮುದ್ರದಿಂದ ಚೊಕ್ಕಟವಾಗಿ ಬಂದ ಗಾಳಿ ಉತ್ತರದ ಕಾಡಿನ ಮೇಲೆ ಎಷ್ಟು ಹೊತ್ತು ಹಾದು ಬಂದಿದೆಯೋ, ಆ ಹೊತ್ತಲ್ಲಿ ಎಷ್ಟು ಟರ್ಪೀನ್ ಸೇರಿದೆಯೋ, ಅದಕ್ಕೆ ತಕ್ಕ ಹಾಗೆ ಅದರಲ್ಲಿ ಕಣದ ತೂಕ ಏರಿತ್ತು, ಕಾಡು ಹೀಗೆ ಒಂದು ಘನ ಸೆಂಟಿಮೀಟರಿಗೆ ಸಾವಿರದಿಂದ ಎರಡು ಸಾವಿರ ಕಣಗಳನ್ನ ಕಾಯ್ಕೊಂಡು ಬರತ್ತೆ ಅಂತ ಲೆಕ್ಕ ಹಾಕಿದ್ರು.

ಭೂಮಿ ಬಿಸಿಯಾದ್ರೆ ಮರ ಹೆಚ್ಚು ಆವಿ ಬಿಟ್ಟು ಮೋಡ ಹೆಚ್ಚಾಗಿ ತಣ್ಣಗೆ ಮಾಡತ್ತೆ ಅಂತ ಕೆಲವರು ಹೇಳ್ತಾರೆ. ದಿಕ್ಕು ಸರಿ, ಪ್ರಮಾಣ ತೀರಾ ಚಿಕ್ಕದು, ಉತ್ತರದ ಕಾಡುಗಳ ಮೇಲೆ ಗೊತ್ತಾಗೋವಷ್ಟು, ಇಡೀ ಭೂಮಿಗೆ ಹಂಚಿದ್ರೆ ಏನೂ ಅಲ್ಲ ಅನ್ನೋವಷ್ಟು. ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಹಿಂದಿನ ಕಾಲದ ಲೆಕ್ಕ. ಕಾರ್ಖಾನೆ ಬರೋಕೆ ಮುಂಚೆ ಗಾಳಿಲಿ ಸಲ್ಫರ್ ಕಮ್ಮಿ ಇತ್ತು, ಹಂಗಾಗಿ ಕಣಾನೂ ಮೋಡದ ಬಿಳುಪೂ ಕಮ್ಮಿ ಇತ್ತು, ಆಮೇಲೆ ಆಗಿದ್ದೆಲ್ಲಾ ಮನುಷ್ಯರಿಂದ ಅಂತ ಮಾಡೆಲ್‌ಗಳು ಹಿಡಿತಿದ್ವು. ಮರ ಒಂಟಿಯಾಗೂ ಕಣ ಹುಟ್ಟಿಸಬಲ್ಲದು ಅನ್ನೋದನ್ನ 2016ರಲ್ಲಿ ಸೇರಿಸಿ ನೋಡಿದಾಗ, ಆ ಹಳೇ ಗಾಳಿಲೂ ಸಾಕಷ್ಟು ಕಣ ಇತ್ತು ಅಂತಾಗಿ, 1750ರಿಂದ ಈಚೆಗೆ ನಾವು ಬಿಟ್ಟ ಕಣಗಳು ಮೋಡದ ಮೂಲಕ ಭೂಮಿಯನ್ನ ತಂಪು ಮಾಡಿರೋ ಲೆಕ್ಕ ಆ ಮಾಡೆಲ್‌ನಲ್ಲಿ ಸುಮಾರು 27 ಪರ್ಸೆಂಟ್ ಇಳೀತು.